ಮಾರ್ದನಿಯನ್ನು ಕಳೆದ ಕಥೆ

ವಿಜಯಪುರದ ಗೋಳಗುಮ್ಮಟವನ್ನು ನೋಡಹೋದವರಲ್ಲಿ, ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ನಿಂತು ಒಮ್ಮೆಯಾದರೂ ಕೂಗಿ ನೋಡದೆ ಹಿಂದಿರುಗಿದವರು ವಿರಳ. ೧೭ನೆಯ ಶತಮಾನದಲ್ಲಿ ಮಹಮ್ಮದ್ ಆದಿಲ್ ಷಹನ ಗೋರಿಯಾಗಿ ಎದ್ದ ಈ ಭವನದ ಗುಮ್ಮಟವು ಹೊರಗಿನಿಂದ ಅಳೆದರೆ ಸುಮಾರು ೪೪ ಮೀಟರು ಅಗಲವುಳ್ಳದ್ದು. ಅದರೊಳಗೆ ಆಡಿದ ಒಂದು ಮಾತು ಏಳು ಸಲ ಮರುನುಡಿಯುವುದೆಂದು ಪ್ರತೀತಿ. ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದ ನುಡಿಯು ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಸ್ಪಷ್ಟವಾಗಿ ಮುಟ್ಟುವುದು. ಮಕ್ಕಳಿಗೆ ಇದೊಂದು ಆಟ, ಹಿರಿಯರಿಗೆ ವಿಸ್ಮಯ. ಆದರೆ ಅದೇ ಗುಮ್ಮಟದ ಕೆಳಗೆ ಒಬ್ಬ ವಿದ್ವಾಂಸರನ್ನು ನಿಲ್ಲಿಸಿ ಒಂದು ಗಂಟೆಯ ಉಪನ್ಯಾಸವನ್ನು ಮಾಡಿಸಿದರೆ, ಈಗ ಆಡಿದ ಮಾತನ್ನು ಹಿಂದೆ ಆಡಿದ ಮಾತು ಬೆನ್ನಟ್ಟಿ ಬಂದು ನುಂಗುವುದರಿಂದ, ಶ್ರೋತೃಗಳಿಗೆ ಒಂದು ವಾಕ್ಯವೂ ನೆಟ್ಟಗೆ ತಿಳಿಯಲಾರದು.

ಹೀಗೆ ವಿನೋದಕ್ಕೆ ಒದಗುವ ಮಾರ್ದನಿಯೇ ಸಂಭಾಷಣೆಗೆ ವಿಘ್ನವಾಗುವುದು. ದೂರದೇಶದಲ್ಲಿರುವ ಮಗನೊಡನೆ ಟೆಲಿಫೋನಿನಲ್ಲಿ ಮಾತನಾಡುತ್ತಿರುವ ತಾಯಿಗೆ, ತಾನು ಆಡಿದ ಮಾತೇ ಅರೆಗಳಿಗೆಯಲ್ಲಿ ತನ್ನ ಕಿವಿಗೆ ಹಿಂದಿರುಗಿ ಬಂದರೆ, ಆಕೆ ತಡವರಿಸಿ ಸುಮ್ಮನಾಗುವಳು. ಈ ವಿಘ್ನವನ್ನು ಮನುಷ್ಯನು ಯಾವ ಯಾವ ಉಪಾಯಗಳಿಂದ ನಿವಾರಿಸಿಕೊಂಡನೆಂಬುದು ಸುಮಾರು ನೂರಮೂವತ್ತು ವರ್ಷಗಳ ಇತಿಹಾಸ. ಒಬ್ಬರ ಬಾಯನ್ನು ಮುಚ್ಚದೆ ಇನ್ನೊಬ್ಬರ ಮಾತನ್ನು ಶುದ್ಧವಾಗಿ ಕೇಳುವುದು ಹೇಗೆ ಎಂಬ ಪ್ರಶ್ನೆಯು ಆ ಇತಿಹಾಸದ ಒಳಗೆಲ್ಲ ಹರಿದುಬಂದಿದೆ. ಅದನ್ನು ನಾವು ಇಲ್ಲಿ ಸಂಗ್ರಹವಾಗಿ ವಿಚಾರ ಮಾಡೋಣ.

ಮೊದಲು ಮಾರ್ದನಿಯ ಸ್ವರೂಪವನ್ನು ತಿಳಿಯಬೇಕು. ಗಾಳಿಯಲ್ಲಿ ಶಬ್ದವು ಒಂದು ಸೆಕೆಂಡಿಗೆ ಸುಮಾರು ೩೪೦ ಮೀಟರು ದೂರ ಸಾಗುವುದು. ನಮ್ಮಿಂದ ೧೭ ಮೀಟರು ದೂರದಲ್ಲಿ ಒಂದು ದೊಡ್ಡ ಗೋಡೆಯಿದ್ದರೆ, ನಾವು ತಟ್ಟಿದ ಚಪ್ಪಾಳೆಯು ಅಲ್ಲಿಗೆ ಹೋಗಿ ಮರಳಲು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುವುದು. ಅಷ್ಟು ಅಂತರವಿದ್ದಲ್ಲಿ ಕಿವಿಯು ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಗ್ರಹಿಸುವುದು; ಇದೇ ಮಾರ್ದನಿ. ಗೋಡೆಯು ತೀರ ಹತ್ತಿರವಿದ್ದರೆ ಮರಳಿದ ಶಬ್ದವು ಮೂಲಶಬ್ದದಲ್ಲಿಯೇ ಬೆರೆತು ಅದಕ್ಕೆ ಪುಷ್ಟಿಯನ್ನು ಕೊಡುವುದು. ಕೋಣೆಯ ಗೋಡೆ, ನೆಲ, ಮಾಳಿಗೆಗಳಿಂದ ನೂರಾರು ಸಲ ಪುಟಿದ ಶಬ್ದಗಳು ಒಂದರ ಮೇಲೊಂದು ಬಿದ್ದು ಮೆಲ್ಲಮೆಲ್ಲನೆ ಅಡಗುವುದಕ್ಕೆ ಅನುರಣನವೆಂದು ಹೆಸರು. ಹಿತಮಿತವಾದ ಅನುರಣನವು ಸಂಗೀತಕ್ಕೆ ಒಡವೆ. ಅತಿಯಾದದ್ದು ಮಾತಿಗೆ ಹಗೆ.

ಇದನ್ನು ಮೊಟ್ಟಮೊದಲು ಲೆಕ್ಕದ ಹಿಡಿತಕ್ಕೆ ತಂದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕನಾದ ವಾಲೇಸ್ ಕ್ಲೆಮೆಂಟ್ ಸೇಬೈನ್. ೧೮೯೫ರಲ್ಲಿ ಅಲ್ಲಿ ಫಾಗ್ ಕಲಾಸಂಗ್ರಹಾಲಯವೆಂಬ ಹೊಸ ಕಟ್ಟಡವು ಸಿದ್ಧವಾಗಿತ್ತು. ಆದರೆ ಅದರ ಉಪನ್ಯಾಸ ಮಂದಿರದಲ್ಲಿ ಯಾರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ. ಬರಿದಾದ ಆ ಮಂದಿರದಲ್ಲಿ ಒಂದು ಶಬ್ದವು ಅಡಗಿಹೋಗಲು ಐದೂವರೆ ಸೆಕೆಂಡಿನಷ್ಟು ಕಾಲ ಹಿಡಿಯುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕನು ಒಂದು ಇಡೀ ವಾಕ್ಯವನ್ನು ಮುಗಿಸಿರುವನು. ಅದರ ಅಕ್ಷರಗಳೆಲ್ಲವೂ ಒಟ್ಟಿಗೇ ಗಾಳಿಯಲ್ಲಿ ತೇಲುತ್ತಿರುವುವು. ಊರು ಮಲಗಿದ ಮೇಲೆ ಸೇಬೈನನು ಒಂದು ಆರ್ಗನ್ ಕೊಳಲನ್ನು ಊದಿಸಿ ನಿಲ್ಲಿಸುವನು. ಶಬ್ದವು ಕಿವಿಗೆ ಕೇಳದಂತಾಗುವವರೆಗಿನ ಕಾಲವನ್ನು ಅಳೆಯುವನು. ಸಮೀಪದ ಸ್ಯಾಂಡರ್ಸ್ ರಂಗಮಂದಿರದಿಂದ ಮೆತ್ತೆಗಳನ್ನು ಹೊರಿಸಿ ತಂದು ಹರಡಿ ಮತ್ತೆ ಅಳೆಯುವನು. ಮೆತ್ತೆಗಳು ಹೆಚ್ಚಿದಷ್ಟೂ ಅನುರಣನವು ಕುಗ್ಗುತ್ತ ಬಂದಿತು.

ಈ ದೀರ್ಘ ಪರಿಶ್ರಮದ ಫಲವಾಗಿ ಆತನಿಗೆ ದೊರೆತ ಸೂತ್ರವು ಬಹು ಸರಳವಾದುದು. ಕೋಣೆಯ ಗಾತ್ರವು ಹೆಚ್ಚಿದಂತೆ ಅನುರಣನದ ಕಾಲವು ಹೆಚ್ಚುವುದು; ಕೋಣೆಯು ಶಬ್ದವನ್ನು ಹೀರುವ ಶಕ್ತಿಯು ಹೆಚ್ಚಿದಂತೆ ಅದು ಕಡಮೆಯಾಗುವುದು. ಹೀರುವ ಶಕ್ತಿಗೆ ಆತನು ಆರಿಸಿಕೊಂಡ ಅಳತೆಗೋಲು ತೆರೆದ ಕಿಟಕಿ. ಏಕೆಂದರೆ ಅದರೊಳಗೆ ಹೊಕ್ಕ ಶಬ್ದವು ಹಿಂದಕ್ಕೆ ಬರಲಾರದು. ಸಭಿಕರ ಮೈಯೂ ಬಟ್ಟೆಯೂ ಸಹ ಶಬ್ದವನ್ನು ಹೀರುವುವು. ಆದುದರಿಂದಲೇ ಬರಿದಾದ ಮದುವೆಯ ಮಂಟಪವು ಗುಂಯ್‌ಗುಟ್ಟುವುದು, ಜನ ತುಂಬಿದ ಮೇಲೆ ಅದೇ ಮಂಟಪವು ಸೌಮ್ಯವಾಗುವುದು. ೧೯೦೦ರಲ್ಲಿ ಬಾಸ್ಟನ್ ನಗರದ ಸಿಂಫನಿ ಹಾಲ್ ಈ ವಿದ್ವಾಂಸನ ಲೆಕ್ಕವನ್ನು ಅನುಸರಿಸಿ ನಿರ್ಮಿತವಾಯಿತು. ಶ್ರವಣಸೌಖ್ಯಕ್ಕಾಗಿ ಅದು ಇಂದಿಗೂ ಪ್ರಸಿದ್ಧವಾಗಿದೆ. ಮಾರ್ದನಿಯನ್ನು ಹೀರಿಬಿಡುವ ಈ ವಿಧಾನವನ್ನು ಪ್ರಥಮ ಚಿಕಿತ್ಸೆಯೆಂದು ಕರೆಯಬಹುದು.

ಇದೇ ಕಾಲದಲ್ಲಿ ಶಬ್ದವನ್ನು ಹಿಡಿದಿಡುವ ವಿದ್ಯೆಯೂ ಬೆಳೆಯುತ್ತಿತ್ತು. ೧೮೭೭ರಲ್ಲಿ ಎಡಿಸನನು ಫೋನೊಗ್ರಾಫನ್ನು ನಿರ್ಮಿಸಿದ ತರುವಾಯ ಸುಮಾರು ಅರ್ಧ ಶತಮಾನದವರೆಗೆ ಧ್ವನಿಮುದ್ರಣವೆಂದರೆ ಕಹಳೆಯ ಮುಂದೆ ಹಾಡುವುದು. ಹಾಡುವವರ ಉಸಿರಿನ ಬಲವೇ ಸೂಜಿಯನ್ನು ನಡುಗಿಸಬೇಕು, ವಿದ್ಯುತ್ತಿನ ಸಹಾಯವಿರಲಿಲ್ಲ. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾನವು ಮುದ್ರಿತವಾದುದು ಈ ರೀತಿಯಿಂದಲೇ. ಗಾಯಕರು ಕಹಳೆಯ ಬಾಯಿಗೆ ಅಂಟಿಕೊಂಡಂತೆ ನಿಂತು ಹಾಡುತ್ತಿದ್ದುದರಿಂದ ಕೋಣೆಯ ಅನುರಣನವು ಆ ಮುದ್ರಿಕೆಗಳನ್ನು ಪ್ರವೇಶಿಸಲಿಲ್ಲ. ಅವುಗಳಲ್ಲಿ ಕಂಠವು ಬಡಕಲಾಗಿ ಕೇಳಿದರೂ, ಮಂದ್ರದ ತುಂಬುವಿಕೆಯೂ ಮೇಲಿನ ಸ್ವರಾಂಶಗಳ ಹೊಳಪೂ ಇಲ್ಲದಿದ್ದರೂ, ಮಾತುಮಾತೂ ತಿಳಿಯುವುದಕ್ಕೆ ಇದೂ ಒಂದು ಕಾರಣ. ೧೯೨೫ರಲ್ಲಿ ಮೈಕ್ರೊಫೋನಿನಿಂದ ವಿದ್ಯುನ್ಮುದ್ರಣವು ಬಳಕೆಗೆ ಬಂದಾಗ ಕಂಠವು ಮೈತುಂಬಿಕೊಂಡಿತು. ಆದರೆ ಸೂಕ್ಷ್ಮವಾದ ಆ ಯಂತ್ರದ ಕಿವಿಗೆ ಗಾಯಕರೊಡನೆ ಕೋಣೆಯೂ ಕೇಳಿಸತೊಡಗಿತು. ಅಂದಿನಿಂದ ಧ್ವನಿಮುದ್ರಣ ಶಾಲೆಗಳಿಗೂ ಬಾನುಲಿ ಕೇಂದ್ರಗಳಿಗೂ ದಪ್ಪ ಪರದೆ, ಜಮಖಾನೆ, ಮೆತ್ತನೆಯ ಗೋಡೆಗಳು ಅವಶ್ಯಕವಾದುವು. ಇವೆಲ್ಲವೂ ಸೇಬೈನನ ಮೆತ್ತೆಗಳ ಸಂತತಿಯೇ.

೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರೆಂಬುದು ಕನ್ನಡಿಗರಿಗೆ ವಿದಿತವಾದ ಸಂಗತಿ. ಬಾನುಲಿಯಲ್ಲಿ ಮಾತನಾಡುವವರು ಅಂಜಬೇಕಾದದ್ದು ತಮ್ಮ ಕೋಣೆಯ ಮಾರ್ದನಿಗೆ ಮಾತ್ರ. ಮಾತು ಒಂದೇ ಕಡೆಗೆ ಹರಿಯುವುದು. ಶ್ರೋತೃಗಳು ಮನೆಯಲ್ಲಿ ಕುಳಿತು ಏನೆಂದರೂ ಭಾಷಣಕಾರರಿಗೆ ಕೇಳಿಸದು. ಟೆಲಿಫೋನಿನ ಸ್ಥಿತಿ ಹಾಗಲ್ಲ. ಅಲ್ಲಿ ಇಬ್ಬರೂ ಭಾಷಣಕಾರರು, ಇಬ್ಬರೂ ಶ್ರೋತೃಗಳು. ಆದಕಾರಣ ಗೋಡೆಯೇ ಇಲ್ಲದ ತಂತಿಯಲ್ಲಿಯೂ ಮಾರ್ದನಿಯು ಹುಟ್ಟಿತು.

ಅದು ಹುಟ್ಟುವ ಬಗೆ ಹೀಗೆ. ಮನೆಯಿಂದ ಊರಿನ ವಿನಿಮಯ ಕೇಂದ್ರಕ್ಕೆ ಒಂದೇ ಜೊತೆ ತಂತಿ; ಹೋಗುವ ಮಾತೂ ಬರುವ ಮಾತೂ ಅದರಲ್ಲಿಯೇ ಸಾಗುವುವು. ಆದರೆ ದೂರದ ಪ್ರಯಾಣದಲ್ಲಿ ಬಳಲಿದ ಮಾತಿಗೆ ನಡುನಡುವೆ ವರ್ಧಕಗಳಿಂದ ಬಲ ತುಂಬಬೇಕು. ೧೯೧೫ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಸಾನ್‌ಫ್ರಾನ್ಸಿಸ್ಕೋ ನಗರಕ್ಕೆ ಮಾತು ಮುಟ್ಟಿದುದು ಇಂತಹ ವರ್ಧಕಗಳ ಬಲದಿಂದ. ವರ್ಧಕವು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಯಂತ್ರ. ಆದುದರಿಂದ ದೀರ್ಘಮಾರ್ಗಗಳಲ್ಲಿ ಹೋಗಲೊಂದು, ಬರಲೊಂದು ಎಂದು ಎರಡು ದಾರಿಗಳು ಬೇಕಾದುವು. ಎರಡು ದಾರಿಗಳು ಕೂಡಿ ಮನೆಯ ಒಂದೇ ದಾರಿಯಾಗುವ ಸಂಧಿಯಲ್ಲಿ ಒಂದು ತೂಕದ ಯಂತ್ರವಿರುವುದು. ಅದರ ತೂಕ ಸರಿಯಾಗಿದ್ದರೆ ಬಂದ ಮಾತೆಲ್ಲವೂ ಮನೆಯ ಕಡೆಗೇ ಹೋಗುವುದು. ಆದರೆ ಒಂದೊಂದು ಮನೆಯ ತಂತಿಯ ಉದ್ದವೂ ಗುಣವೂ ಒಂದೊಂದು ಬಗೆ. ತೂಕವು ಎಲ್ಲರಿಗೂ ಸರಿಹೋಗುವುದಿಲ್ಲ. ಬಂದ ಮಾತಿನ ಒಂದಂಶವು ಅಲ್ಲಿ ಸೋರಿ, ಹೋಗುವ ದಾರಿಯನ್ನು ಹಿಡಿದು, ಆಡಿದವನಲ್ಲಿಗೇ ಹಿಂದಿರುಗುವುದು.

ಊರೊಳಗಿನ ಮಾತಿನಲ್ಲಿ ಇದು ತತ್‌ಕ್ಷಣವೇ ಮರಳುವುದರಿಂದ ಯಾರ ಗಮನಕ್ಕೂ ಬಾರದು. ಕಾಲವು ಹೆಚ್ಚಿದಂತೆ ಉಪದ್ರವವೂ ಹೆಚ್ಚುವುದು. ತನ್ನ ಧ್ವನಿಯು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡೆದು ಕಿವಿಗೆ ಬಿದ್ದರೆ ನಿರರ್ಗಳವಾಗಿ ಮಾತನಾಡುವವನೂ ತೊದಲುವನೆಂಬುದನ್ನು ಬರ್ನಾರ್ಡ್ ಲೀ ಎಂಬ ಸಂಶೋಧಕನು ೧೯೫೦ರಲ್ಲಿ ಪ್ರಕಟಿಸಿದನು. ನಾಲಗೆಯು ಕಿವಿಯ ಸಾಕ್ಷಿಯನ್ನು ನಂಬಿ ನಡೆಯುವುದು. ಸಾಕ್ಷಿಯು ತಡವಾಗಿ ಬಂದರೆ ಅದು ದಿಕ್ಕು ತಪ್ಪುವುದು.

ತಂತಿಯ ಮಾರ್ದನಿಗೆ ಮೆತ್ತೆಯನ್ನು ಹಾಸಲು ಬಾರದು. ಎಂಜಿನಿಯರುಗಳು ಹಿಡಿದ ದಾರಿ ಬೇರೆ. ಕ್ಲಾರ್ಕ್ ಮತ್ತು ಮ್ಯಾಥೀಸ್ ಎಂಬುವರು ೧೯೨೫ರಲ್ಲಿ ವಿವರಿಸಿದ ಮಾರ್ದನಿತಡೆಯ ಯಂತ್ರವು ಬಾಗಿಲು ಕಾಯುವವನಂತೆ. ಆಚೆಯಿಂದ ಮಾತು ಬರುತ್ತಿರುವುದನ್ನು ಕಂಡೊಡನೆ ಈಚೆಯಿಂದ ಹೋಗುವ ದಾರಿಯ ಬಾಗಿಲನ್ನು ಅದು ಮುಚ್ಚಿಬಿಡುವುದು. ದಾರಿಯೇ ಮುಚ್ಚಿದ ಮೇಲೆ ಮಾರ್ದನಿಯು ಹೋಗುವುದೆಲ್ಲಿಂದ? ಮಾತು ನಿಂತೊಡನೆ ಬಾಗಿಲು ಮತ್ತೆ ತೆರೆಯುವುದು. ದೀರ್ಘಮಾರ್ಗಗಳ ಟೆಲಿಫೋನು ಅನೇಕ ದಶಕಗಳ ಕಾಲ ಈ ದ್ವಿತೀಯ ಚಿಕಿತ್ಸೆಯನ್ನು ನೆಚ್ಚಿಕೊಂಡು ನಡೆಯಿತು.

ಈ ಉಪಕಾರಕ್ಕೆ ತೆತ್ತ ಬೆಲೆಯನ್ನು ನಾವು ಮರೆಯಲಾಗದು. ಬಾಗಿಲು ಕಾಯುವವನಿಗೆ ಮಾರ್ದನಿ ಯಾವುದು, ಮನುಷ್ಯನ ಮಾತು ಯಾವುದು ಎಂಬ ವಿವೇಕವಿಲ್ಲ. ಮುಚ್ಚಿದ ಬಾಗಿಲು ಎರಡಕ್ಕೂ ಮುಚ್ಚಿದ್ದೇ. ನಮ್ಮ ಹಳ್ಳಿಗಳಲ್ಲಿ ಕಥೆ ಹೇಳುವ ಅಜ್ಜಿಯು ಎದುರಿಗೆ ಹೂಂಗುಟ್ಟುವವರಿಲ್ಲದೆ ಕಥೆಯನ್ನು ಮುಂದುವರಿಸಳು. ಆ ಒಂದು 'ಹೂಂ' ಎಂಬ ದನಿಯಿಂದ ಕೇಳುವವನು ಎಚ್ಚರದಿಂದಿರುವನೆಂದೂ, ಮಾತು ಮನಸ್ಸಿಗೆ ಮುಟ್ಟಿತೆಂದೂ ಆಕೆಗೆ ತಿಳಿಯುವುದು. ಮಾರ್ದನಿತಡೆಯು ಮೊಟ್ಟಮೊದಲು ನುಂಗಿದುದು ಈ ಹೂಂಕಾರವನ್ನು. ಆಮೇಲೆ ನಡುವೆ ಬಾಯಿ ಹಾಕಿ ಕೇಳುವ ಪ್ರಶ್ನೆಯನ್ನು, 'ಅಲ್ಲ, ಅಲ್ಲ' ಎಂಬ ತಿದ್ದುಪಡಿಯನ್ನು, ನಗುವನ್ನು. ಇಬ್ಬರ ಸಂಭಾಷಣೆಯು ಸರದಿಯ ಭಾಷಣವಾಯಿತು. ಮುಂದೆ ಸುಧಾರಿಸಿದ ಯಂತ್ರಗಳು ಇಬ್ಬರೂ ಒಟ್ಟಿಗೆ ಮಾತನಾಡಿದಾಗ ಬಾಗಿಲನ್ನು ತೆರೆದುಕೊಟ್ಟುವು; ಆದರೆ ಮಾತಿನೊಡನೆ ಮಾರ್ದನಿಯೂ ಆ ಬಾಗಿಲಿನಿಂದಲೇ ನುಸುಳಿತು.

ನೆಲದ ಮೇಲಿನ ತಂತಿಗಳಲ್ಲಿ ಜನರು ಇದನ್ನು ಹೇಗೋ ಸೈರಿಸಿಕೊಂಡರು. ಆದರೆ ೧೯೬೫ರ ಏಪ್ರಿಲಿನಲ್ಲಿ ಅರ್ಲಿ ಬರ್ಡ್ ಎಂಬ ಉಪಗ್ರಹವು ಗಗನಕ್ಕೇರಿ ಅಟ್ಲಾಂಟಿಕ್ ಸಾಗರದ ಎರಡು ದಡಗಳ ನಡುವೆ ಟೆಲಿಫೋನಿನ ಮಾತನ್ನು ಸಾಗಿಸತೊಡಗಿದಾಗ ಸಮಸ್ಯೆಯು ಉಲ್ಬಣಿಸಿತು. ಅಂತಹ ಉಪಗ್ರಹವು ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವುದು. ಮಾತು ಮೇಲೇರಿ ಕೆಳಗಿಳಿಯಲು ೭೨,೦೦೦ ಕಿಲೋಮೀಟರು. ಬೆಳಕಿನ ವೇಗದಲ್ಲಿ ಧಾವಿಸಿದರೂ ಸುಮಾರು ಕಾಲು ಸೆಕೆಂಡು. ಮಾರ್ದನಿಯು ಮರಳಿ ಬರಲು ಅರ್ಧ ಸೆಕೆಂಡು. ಇಷ್ಟು ವಿಳಂಬದಲ್ಲಿ ಬಾಗಿಲು ಮುಚ್ಚಿ ತೆರೆಯುವ ಆಟವು ಸಂಭಾಷಣೆಯನ್ನೇ ತುಂಡರಿಸುವುದು. ಇಬ್ಬರೂ ಒಮ್ಮೆಗೇ ಆರಂಭಿಸುವರು, ಇಬ್ಬರೂ ನಿಲ್ಲಿಸುವರು, ಮತ್ತೆ ಇಬ್ಬರೂ ಆರಂಭಿಸುವರು.

ಈ ಸಂಕಟಕ್ಕೆ ಬೇರೊಂದು ಪರಿಹಾರವು ಆ ವೇಳೆಗೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪುಗೊಳ್ಳುತ್ತಿತ್ತು. ಜಾನ್ ಕೆಲಿ, ಬೆಂಜಮಿನ್ ಲೋಗನ್ ಮತ್ತು ಮನಮೋಹನ ಸೋಂಧಿ ಎಂಬ ಮೂವರ ಹೆಸರುಗಳು ಇದರೊಡನೆ ಸೇರಿಕೊಂಡಿವೆ. ಇವರಲ್ಲಿ ಕೆಲಿಯು ೧೯೬೧ರಲ್ಲಿ ಗಣಕಯಂತ್ರದ ಬಾಯಿಂದ ಹಾಡನ್ನು ಹಾಡಿಸಿದವರಲ್ಲಿ ಒಬ್ಬನು. ೧೯೬೫ರಲ್ಲಿ ಅಕಾಲಮರಣಕ್ಕೆ ತುತ್ತಾದನು. ಸೋಂಧಿಯವರು ನಮ್ಮ ದೇಶದಿಂದ ಹೋದವರು. ದೆಹಲಿಯಲ್ಲಿ ಭೌತವಿಜ್ಞಾನವನ್ನು ಓದಿ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತ ಬಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೫೩ರಲ್ಲಿ ಸಂಪರ್ಕವಿದ್ಯೆಯ ಡಿಪ್ಲೊಮಾ ಪಡೆದು, ಅನಂತರ ಅಮೆರಿಕಕ್ಕೆ ತೆರಳಿ, ೧೯೬೨ರಲ್ಲಿ ಆ ಪ್ರಯೋಗಶಾಲೆಯನ್ನು ಸೇರಿದರು. ತಾನೇ ಹೊಂದಿಕೊಳ್ಳುವ ಮಾರ್ದನಿಹಾರಕವನ್ನು ಕುರಿತು ೧೯೬೭ರಲ್ಲಿ ಅವರು ಪ್ರಕಟಿಸಿದ ಲೇಖನವು ಈ ಶಾಸ್ತ್ರದಲ್ಲಿ ಆಧಾರಗ್ರಂಥದಂತೆ ಮಾನ್ಯವಾಗಿದೆ.

ಅವರ ತತ್ತ್ವವನ್ನು ನಮ್ಮ ಅಂಗಡಿಬೀದಿಯ ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ತುಪ್ಪವನ್ನು ಕೊಳ್ಳಲು ನಾವು ಪಾತ್ರೆಯನ್ನು ಒಯ್ದರೆ ವರ್ತಕನು ಮೊದಲು ಖಾಲಿ ಪಾತ್ರೆಯನ್ನು ತೂಗುವನು; ಅನಂತರ ತುಪ್ಪ ತುಂಬಿದ ಪಾತ್ರೆಯನ್ನು ತೂಗಿ, ಮೊದಲಿನ ತೂಕವನ್ನು ಕಳೆಯುವನು. ಪಾತ್ರೆಯನ್ನು ಒಡೆಯಬೇಕಾಗಿಲ್ಲ, ತುಪ್ಪವನ್ನು ಚೆಲ್ಲಬೇಕಾಗಿಲ್ಲ. ಮಾರ್ದನಿಹಾರಕವು ಮಾಡುವುದು ಇದನ್ನೇ. ಸಂಧಿಯ ಬಳಿ ಕುಳಿತ ಆ ಯಂತ್ರಕ್ಕೆ ಆಚೆಯಿಂದ ಬಂದ ಮಾತು ಮೂಲರೂಪದಲ್ಲಿಯೇ ತಿಳಿದಿರುವುದು. ಆ ಮಾತು ಸೋರಿ ಹಿಂದಿರುಗುವಾಗ ಎಷ್ಟು ತಡೆಯುವುದು, ಎಷ್ಟು ಕುಗ್ಗುವುದು, ಹೇಗೆ ಬಣ್ಣಗೆಡುವುದು ಎಂಬುದನ್ನು ಅದು ಗಮನಿಸಿ ಕಲಿಯುವುದು. ಕಲಿತದ್ದರಿಂದ ಮಾರ್ದನಿಯ ಒಂದು ಪಡಿಯಚ್ಚನ್ನು ತಾನೇ ರಚಿಸುವುದು. ಹೋಗುವ ದಾರಿಯಲ್ಲಿರುವ ಧ್ವನಿಯಿಂದ ಆ ಪಡಿಯಚ್ಚನ್ನು ಕಳೆಯುವುದು. ಇನ್ನೂ ಏನಾದರೂ ಉಳಿದರೆ ಆ ಉಳಿಕೆಯಿಂದಲೇ ತನ್ನ ಲೆಕ್ಕವನ್ನು ತಿದ್ದಿಕೊಳ್ಳುವುದು. ಬಾಗಿಲು ಸದಾ ತೆರೆದೇ ಇರುವುದು. ಈಚೆಯವರ ಹೂಂಕಾರವು ಪಾತ್ರೆಯ ತೂಕಕ್ಕೆ ಸೇರದ ತುಪ್ಪದಂತೆ ಶುದ್ಧವಾಗಿ ಆಚೆಗೆ ಮುಟ್ಟುವುದು.

ಒಂದು ತೊಡಕು ಮಾತ್ರ ಉಳಿಯಿತು. ಇಬ್ಬರೂ ಒಟ್ಟಿಗೆ ಮಾತನಾಡುವಾಗ ಯಂತ್ರವು ಕಲಿಯುತ್ತಲೇ ಹೋದರೆ, ಈಚೆಯವರ ಮಾತನ್ನೂ ಮಾರ್ದನಿಯೆಂದು ಭ್ರಮಿಸಿ ತನ್ನ ಪಾಠವನ್ನು ಕೆಡಿಸಿಕೊಳ್ಳುವುದು. ಆದುದರಿಂದ ಅಂತಹ ಸಮಯದಲ್ಲಿ ಕಲಿಯುವುದನ್ನು ನಿಲ್ಲಿಸಿ, ಕಲಿತಷ್ಟನ್ನೇ ಪ್ರಯೋಗಿಸುವಂತೆ ಅದನ್ನು ಕಟ್ಟಬೇಕಾಯಿತು. ಮೊದಮೊದಲು ಈ ಯಂತ್ರಗಳು ಬಲು ದುಬಾರಿಯಾಗಿದ್ದುದರಿಂದ ಬಳಕೆಯು ಹರಡಲಿಲ್ಲ. ೧೯೮೦ರಲ್ಲಿ ಅದೇ ಪ್ರಯೋಗಶಾಲೆಯ ಡಟ್‌ವೈಲರ್ ಮತ್ತು ಚೆನ್ ಇಡೀ ಹಾರಕವನ್ನು ಉಗುರಗಲದ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಅಡಗಿಸಿದುದನ್ನು ಪ್ರಕಟಿಸಿದ ಮೇಲೆ ಈ ತೃತೀಯ ಚಿಕಿತ್ಸೆಯು ಲೋಕವ್ಯಾಪಕವಾಯಿತು.

ಇಂದು ದೂರದ ಮಾತು ಬಹುಮಟ್ಟಿಗೆ ಸಾಗರದ ತಳದ ಗಾಜಿನ ಎಳೆಗಳಲ್ಲಿ ಸಾಗುತ್ತಿದೆ, ಉಪಗ್ರಹದ ವಿಳಂಬವಿಲ್ಲ. ಆದರೂ ಮಾತನ್ನು ಅಂಕೆಗಳಾಗಿ ಮಾಡಿ, ಕಟ್ಟುಕಟ್ಟಾಗಿ ಕಳುಹಿಸಿ, ಮತ್ತೆ ಜೋಡಿಸುವುದರಲ್ಲಿ ಕಾಲವು ವ್ಯಯವಾಗುತ್ತಲೇ ಇದೆ. ಒಂದು ದಿಕ್ಕಿನ ವಿಳಂಬವು ಸೆಕೆಂಡಿನ ಸಾವಿರದಲ್ಲಿ ೧೫೦ ಭಾಗವನ್ನು ಮೀರದಿದ್ದರೆ ಸಂಭಾಷಣೆಗೆ ಅಡ್ಡಿಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮತ. ಜೊತೆಗೆ, ಕೈಯಲ್ಲಿ ಹಿಡಿದ ಫೋನಿನ ಧ್ವನಿವರ್ಧಕವನ್ನು ತೆರೆದು ಇಡೀ ಮನೆಯೇ ಮಾತನಾಡುವ ರೂಢಿ ಬಂದಿದೆ. ವರ್ಧಕದಿಂದ ಹೊರಟ ಧ್ವನಿಯು ಗೋಡೆಗಳಿಗೆ ಬಡಿದು ಮೈಕ್ರೊಫೋನನ್ನು ಹೊಕ್ಕು ಹಿಂದಿರುಗುವುದು. ಹೀಗೆ ಸೇಬೈನನ ಕೋಣೆಯೂ ಸೋಂಧಿಯವರ ತಂತಿಯೂ ಒಂದಾಗಿ ಸೇರಿವೆ. ತಂತಿಯ ಮಾರ್ದನಿಗಿಂತ ಕೋಣೆಯ ಮಾರ್ದನಿಯನ್ನು ಕಲಿಯುವುದು ಕಷ್ಟ. ಒಬ್ಬರು ಎದ್ದು ನಡೆದರೆ, ಒಂದು ಬಾಗಿಲು ತೆರೆದರೆ, ಕಲಿತ ಪಾಠವು ಹಳತಾಗುವುದು.

ಇದರಿಂದ ನಿತ್ಯ ವ್ಯವಹಾರಕ್ಕೆ ಒದಗುವ ಒಂದು ವಿವೇಕವುಂಟು. ಸಾಮಾನ್ಯವಾಗಿ ನಮ್ಮ ಧ್ವನಿಯು ನಮಗೇ ಮರಳಿ ಕೇಳಿಸಿದರೆ ದೋಷವು ನಮ್ಮ ಯಂತ್ರದಲ್ಲಿರುವುದಿಲ್ಲ. ಎದುರಿನವರ ಕಡೆ ಇರುವುದು. ಆದರೆ ಅವರಿಗೆ ಅದು ಕೇಳಿಸುವುದೇ ಇಲ್ಲ! ನೋವು ಒಬ್ಬರದು, ಔಷಧವು ಇನ್ನೊಬ್ಬರ ಕೈಯಲ್ಲಿ. ಆದಕಾರಣ ನಾವು ನಮ್ಮ ಫೋನನ್ನು ತಟ್ಟಿ ನೋಡುವುದಕ್ಕೆ ಬದಲಾಗಿ, ವರ್ಧಕದ ಧ್ವನಿಯನ್ನು ತಗ್ಗಿಸಬೇಕೆಂದೋ, ಕಿವಿಗೆ ಇಯರ್‌ಫೋನನ್ನು ಹಾಕಿಕೊಳ್ಳಬೇಕೆಂದೋ, ಒಂದೇ ಕೋಣೆಯಲ್ಲಿ ಎರಡು ಯಂತ್ರಗಳಿದ್ದರೆ ಒಂದನ್ನು ಮೌನಗೊಳಿಸಬೇಕೆಂದೋ ಅವರನ್ನು ಸೌಜನ್ಯದಿಂದ ಕೇಳಿಕೊಳ್ಳಬೇಕು. ನಮಗೆ ಯಾರಾದರೂ ಹಾಗೆ ಹೇಳಿದರೆ, ನಮಗೇನೂ ಕೇಳಿಸದಿದ್ದರೂ, ನಂಬಿ ನಡೆಯಬೇಕು.

ಮುದ್ರಿಸಿಟ್ಟ ಧ್ವನಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅವಶ್ಯಕ. ಟೆಲಿಫೋನಿನಲ್ಲಿ ಮೂಲಮಾತು ಯಂತ್ರಕ್ಕೆ ತಿಳಿದಿರುವುದರಿಂದ ಮಾರ್ದನಿಯನ್ನು ಕಳೆಯುವುದು ಸಾಧ್ಯವಾಯಿತು. ಮುದ್ರಿಕೆಯಲ್ಲಿ ಮಾತೂ ಕೋಣೆಯೂ ಬೆರೆತೇ ಸೇರಿರುವುವು. ಖಾಲಿ ಪಾತ್ರೆಯ ತೂಕವನ್ನು ಯಾರೂ ಬರೆದಿಟ್ಟಿಲ್ಲ. ಇಂದಿನ ಗಣಕಗಳು ಊಹೆಯಿಂದ ಅದನ್ನು ತೊಳೆದು ಕೊಡುವುವಾದರೂ, ಹೆಚ್ಚು ತೊಳೆದರೆ ಬಟ್ಟೆಯ ಬಣ್ಣದಂತೆ ಕಂಠದ ಬಣ್ಣವೂ ಹೋಗುವುದು. ಅಜ್ಜಿಯ ಸೋಬಾನೆಯ ಪದವನ್ನೋ, ಹಿರಿಯರ ನೆನಪುಗಳನ್ನೋ ಮುದ್ರಿಸಿಡಬೇಕೆನ್ನುವವರು ಬರಿಗೋಡೆಯ ಕೋಣೆಯನ್ನು ಬಿಟ್ಟು, ಹಾಸಿಗೆ, ಪರದೆ, ಬಟ್ಟೆಗಳಿರುವ ಕೋಣೆಯನ್ನು ಆರಿಸಿಕೊಳ್ಳಬೇಕು. ಯಂತ್ರವನ್ನು ಬಾಯಿಯಿಂದ ಒಂದು ಗೇಣಿನಷ್ಟು ಹತ್ತಿರಕ್ಕೆ ತರಬೇಕು. ದೂರವನ್ನು ಅರ್ಧ ಮಾಡಿದರೆ ನೇರವಾಗಿ ಬರುವ ಧ್ವನಿಯ ಶಕ್ತಿಯು ನಾಲ್ಕು ಪಟ್ಟಾಗುವುದು; ಕೋಣೆಯ ಅನುರಣನವು ಇದ್ದಷ್ಟೇ ಇರುವುದು. ಹಿರಿಯರು ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿಸುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ.

ಹೀರುವುದು, ಮುಚ್ಚುವುದು, ಕಳೆಯುವುದು ಎಂಬ ಮೂರು ಚಿಕಿತ್ಸೆಗಳಲ್ಲಿ ನಡುವಿನದೇ ಎಲ್ಲಕ್ಕಿಂತ ಸುಲಭವಾದದ್ದು. ಇಬ್ಬರಲ್ಲಿ ಒಬ್ಬರನ್ನು ಸುಮ್ಮನಿರಿಸಿದರೆ ಗದ್ದಲವು ತಾನಾಗಿಯೇ ಅಡಗುವುದು. ಆ ಸುಲಭವನ್ನು ಒಪ್ಪಿಕೊಂಡು ಲೋಕವು ನಲವತ್ತು ವರ್ಷಗಳಿಗಿಂತ ಹೆಚ್ಚು ಕಾಲ ದೂರದ ಮಾತನ್ನಾಡಿತು. ಅದನ್ನು ಒಪ್ಪದೆ, ಕೇಳುವವನ ದನಿಗೂ ದಾರಿಯಲ್ಲಿ ಸ್ಥಳವಿರಬೇಕೆಂದು ಹಟ ಹಿಡಿದ ಕೆಲವರ ಶ್ರಮದಿಂದ, ಇಂದು ಸಾವಿರಾರು ಮೈಲಿಯ ಆಚೆ ಕಥೆಯನ್ನು ಕೇಳುತ್ತಿರುವ ಮೊಮ್ಮಗುವಿನ ಹೂಂಕಾರವು ಅಜ್ಜಿಯ ಕಿವಿಗೆ ಮುಟ್ಟುವುದು. ಆಕೆ ಕಥೆಯನ್ನು ಮುಂದುವರಿಸುವಳು.